ಸದ್ದಿಲ್ಲದ ತಂಪು

2003ರ ಆರಂಭದಲ್ಲಿ ಎನ್ವಿಡಿಯಾ ಕಂಪನಿಯ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಂಬ ಗ್ರಾಫಿಕ್ಸ್ ಕಾರ್ಡ್ ಮಾರುಕಟ್ಟೆಗೆ ಬಂತು. ಕಾರ್ಡಿನ ವೇಗಕ್ಕಿಂತ ಹೆಚ್ಚು ಚರ್ಚೆಯಾದದ್ದು ಅದರ ಸದ್ದು. ಆಟ ಶುರುವಾಗಿ ಚಿಪ್ ಬಿಸಿಯಾದ ಕೂಡಲೇ ಅದರ ಸಣ್ಣ ಫ್ಯಾನು ಕಿರಿಚತೊಡಗುತ್ತಿತ್ತು. ಅಮೆರಿಕದಲ್ಲಿ ಅದಕ್ಕೆ 'ಡಸ್ಟ್‌ಬಸ್ಟರ್' ಎಂಬ ಅಡ್ಡಹೆಸರು ಬಿತ್ತು. ಅದು ಕೈಯಲ್ಲಿ ಹಿಡಿದು ಧೂಳು ಹೀರಿಸುವ ಯಂತ್ರವೊಂದರ ಹೆಸರು. ಕೊನೆಗೆ ಎನ್ವಿಡಿಯಾದವರೇ ತಮ್ಮ ಕಾರ್ಡನ್ನು ಗೇಲಿ ಮಾಡುವ ವಿಡಿಯೊ ಒಂದನ್ನು ಮಾಡಿ ನಕ್ಕು ಸುಮ್ಮನಾದರು. ಅದೇ ಸುಮಾರಿಗೆ ಸ್ವಿಟ್ಜರ್ಲೆಂಡಿನ ಆರ್ಕ್ಟಿಕ್ ಕೂಲಿಂಗ್ ಕಂಪನಿ ಎದುರಾಳಿ ರೇಡಿಯಾನ್ ಕಾರ್ಡುಗಳಿಗೆ 'ವಿಜಿಎ ಸೈಲೆನ್ಸರ್' ಎಂಬ ಬದಲಿ ಕೂಲರನ್ನು ಮಾರಲು ಹೊರಟಿತ್ತು. ಕಾರ್ಡಿನ ಜೊತೆ ಬಂದ ಕೂಲರಿನ ತಿರುಪು ಬಿಚ್ಚಿ, ಚಿಪ್ಪಿನ ಮೇಲೆ ಒಣಗಿದ ಪೇಸ್ಟ್ ಒರೆಸಿ, ಹೊಸ ಪೇಸ್ಟ್ ಹಚ್ಚಿ ಇದನ್ನು ಕೂರಿಸಿದರೆ ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಮತ್ತೆ ಕೇಳಿಸುತ್ತಿತ್ತು.

ಕಂಪ್ಯೂಟರಿನೊಳಗೆ ಇದು ಹೊಸ ಕಸುಬು. ಆದರೆ ಗದ್ದಲದ ಕೂಲರನ್ನು ತೆಗೆದು ಸದ್ದು ಕಡಿಮೆ ಇರುವುದನ್ನು ಇಡುವ ಕೆಲಸ ಅಹಮದಾಬಾದಿನಲ್ಲಿ ಅದಕ್ಕೂ 15 ವರ್ಷ ಮೊದಲೇ, ಮನೆಯ ಕಿಟಕಿಯಲ್ಲಿ, ನಡೆದಿತ್ತು. ಎರಡರಲ್ಲೂ ಇರುವುದು ಒಂದೇ ಲೆಕ್ಕ: ಫ್ಯಾನು, ತಗಡು, ಒಂದಿಷ್ಟು ನೀರು.

ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆ ಕಂಡವರಿಗೆ ತಗಡಿನ ಕೂಲರ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆಳೆತ್ತರದ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ತಗಡಿನ ಪೆಟ್ಟಿಗೆ, ಮೂರು ಕಡೆ ಮರದ ಸಿಪ್ಪೆ ತುಂಬಿದ ಜಾಲರಿ, ತಳದಲ್ಲಿ ನೀರಿನ ತೊಟ್ಟಿ ಮತ್ತು ಪುಟ್ಟ ಪಂಪು, ಎದುರಿಗೆ ಎಕ್ಸಾಸ್ಟ್ ಫ್ಯಾನು. ಗುಜರಾತಿನಲ್ಲೂ ಇದೇ ಪೆಟ್ಟಿಗೆ. ಮೇ ತಿಂಗಳ ಅಹಮದಾಬಾದಿನಲ್ಲಿ ಮಧ್ಯಾಹ್ನ 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವ 20 ಶೇಕಡಾ ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಸುಮಾರು 24 ಡಿಗ್ರಿ ತೋರಿಸುತ್ತದೆ. ಒಳ್ಳೆಯ ಕೂಲರ್ ಈ ಅಂತರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಗಾಳಿಯಿಂದ ಕಳೆಯಬಲ್ಲದು. ಅಂದರೆ 42 ಡಿಗ್ರಿಯ ಗಾಳಿ ಒಳಗೆ ಬರುವಾಗ 28ರ ಹತ್ತಿರ ಇರುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ: ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ.

ಈ ಉಪಾಯ ಹಿಂದೂಸ್ತಾನಕ್ಕೆ ಹಳೆಯದು. ಅಕ್ಬರನ ಕಾಲದಲ್ಲಿ ಲಾವಂಚದ ಬೇರಿನ ತಡಿಕೆಗೆ ನೀರು ಚಿಮುಕಿಸಿ ಬೇಸಿಗೆಯ ನಡುವೆ ಚಳಿಗಾಲ ತರುತ್ತಿದ್ದುದನ್ನು ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ದಾಖಲಿಸಿದ್ದಾನೆ. ಆ ತಡಿಕೆ ಗಾಳಿ ಬಂದರೆ ಮಾತ್ರ ಕೆಲಸ ಮಾಡುತ್ತಿತ್ತು. 1830ರ ದಶಕದಲ್ಲಿ ಉತ್ತರ ಭಾರತದ ಇಂಗ್ಲಿಷರ ಬಂಗಲೆಗಳಿಗೆ 'ಥರ್ಮ್ಯಾಂಟಿಡೋಟ್' ಎಂಬ ಯಂತ್ರ ಬಂತು: ದೊಡ್ಡ ಮರದ ಗೂಡಿನೊಳಗೆ ರೆಕ್ಕೆಗಳ ಚಕ್ರ, ಎರಡೂ ಬದಿಗೆ ಒದ್ದೆ ಲಾವಂಚ, ಹೊರಗೆ ಚಕ್ರ ತಿರುಗಿಸಲು ಕೂಲಿಯಾಳು. ಗಾಳಿ ಬೀಸದ ದಿನವೂ ತಂಪು ಸಿಗುವಂತಾಯಿತು. ಯಂತ್ರದ ಬೆವರು ಮಾತ್ರ ಗೋಡೆಯ ಆಚೆ ನಿಂತವನದ್ದು. ತಂಪಾಗಿಸುವ ಯಂತ್ರಗಳ ಚರಿತ್ರೆಯಲ್ಲಿ ಈ ಗೋಡೆ ಮತ್ತೆ ಮತ್ತೆ ಎದುರಾಗುತ್ತದೆ.

ವಿದ್ಯುತ್ ಫ್ಯಾನನ್ನೂ ಒದ್ದೆ ಸಿಪ್ಪೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಮನೆಮನೆಗೆ ಮುಟ್ಟಿಸಿದ್ದು ಅಮೆರಿಕದ ಅರಿಜೋನಾ, 1930ರ ದಶಕದಲ್ಲಿ. ಮೊದಮೊದಲು ಜನ ತಾವೇ ಹಲಗೆ, ಕೋಳಿಗೂಡಿನ ಜಾಲರಿ ಹೊಡೆದು ಮಾಡಿಕೊಂಡರು. ಆಮೇಲೆ ಕಾರ್ಖಾನೆಗಳು ಬಂದವು. ಅವುಗಳಲ್ಲಿ ಒಂದು 1939ರಲ್ಲಿ ಫೀನಿಕ್ಸಿನಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಮೆಟಲ್ ಪ್ರಾಡಕ್ಟ್ಸ್ ಕಂಪನಿ, ಚಿಕ್ಕದಾಗಿ ಇಂಪ್ಕೊ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಪೆಟ್ಟಿಗೆ ಭಾರತದ ಒಣ ಊರುಗಳ ತಗಡಿನ ಕೆಲಸಗಾರರ ಕೈಗೆ ಬಂತು. ಅವರು ಅದನ್ನು ಅಗ್ಗವಾಗಿಸಿದರು, ಎಲ್ಲಿ ಬೇಕಾದರೂ ರಿಪೇರಿ ಆಗುವಂತೆ ಮಾಡಿದರು. ಸದ್ದಿನ ವಿಷಯದಲ್ಲಿ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಧ್ರುವದ ಮೋಟಾರು ನಿಮಿಷಕ್ಕೆ 1,400 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅದನ್ನು ತೆಳು ತಗಡಿನ ಪೆಟ್ಟಿಗೆಗೆ ಬಿಗಿದರೆ ಪೆಟ್ಟಿಗೆಯೇ ಡೋಲಾಗುತ್ತದೆ. ಎರಡು ಬೇಸಿಗೆ ಕಳೆದು ತಗಡು ತುಕ್ಕು ಹಿಡಿದು, ಬೇರಿಂಗು ಸವೆದ ಮೇಲಂತೂ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ.

ಅಹಮದಾಬಾದು ಅದನ್ನು ಸಹಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇದ್ದಿರಬೇಕು. ಆ ಊರೇ ಗದ್ದಲಕ್ಕೆ ಒಗ್ಗಿಕೊಂಡಿತ್ತು. ರಣಛೋಡಲಾಲ್ ಛೋಟಾಲಾಲರ ಮೊದಲ ಬಟ್ಟೆ ಗಿರಣಿ 1861ರಲ್ಲಿ ಓಡತೊಡಗಿದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಮಗ್ಗಗಳ ಬಡಿತ ಅಲ್ಲಿನ ದುಡಿಮೆಯ ಸದ್ದಾಗಿತ್ತು. ಒಣ ಹವೆಯಲ್ಲಿ ಹತ್ತಿಯ ನೂಲು ತುಂಡಾಗುತ್ತದೆ. ಹಾಗಾಗಿ ನೇಯ್ಗೆಯ ಶೆಡ್ಡುಗಳಲ್ಲಿ ಗಾಳಿಗೆ ನೀರಿನ ತುಂತುರು ಬಿಡುತ್ತಿದ್ದರು. ನೀರು ಬೆರೆತ ಗಾಳಿ ಆ ನಗರಕ್ಕೆ ಕೈಗಾರಿಕೆಯ ಅನುಭವವೂ ಹೌದು; ಅದು ನೂಲಿಗೆ ಹಿತವಾಗಿತ್ತು, ನೇಕಾರನಿಗೆ ಅಲ್ಲ. 1980ರ ದಶಕದಲ್ಲಿ ಒಂದೊಂದಾಗಿ ಗಿರಣಿಗಳು ಮುಚ್ಚಿದವು, ಸಾವಿರಾರು ಜನರ ಕೆಲಸ ಹೋಯಿತು. ಕೆಲವು ಬಗೆಯ ಮೌನಕ್ಕೆ ತೆತ್ತ ಬೆಲೆ ದೊಡ್ಡದು.

ಗಿರಣಿಗಳು ಮುಚ್ಚುತ್ತಿದ್ದ ಆ ದಶಕದಲ್ಲೇ, 1988ರಲ್ಲಿ, ಅಚಲ್ ಬಕೇರಿ ಎಂಬ ಯುವಕ ಅಹಮದಾಬಾದಿನಲ್ಲಿ ಕೂಲರ್ ಮಾಡುವ ಕಂಪನಿ ತೆರೆದರು. ಮನೆತನದ್ದು ಕಟ್ಟಡ ನಿರ್ಮಾಣದ ವ್ಯವಹಾರ; ಅವರು ಓದಿದ್ದು ಅಲ್ಲಿಯದೇ ಸೆಪ್ಟ್ ಸಂಸ್ಥೆಯಲ್ಲಿ ವಾಸ್ತುಶಿಲ್ಪ, ನಂತರ ಅಮೆರಿಕದಲ್ಲಿ ಎಂಬಿಎ. ಮನೆಗೆ ಬೇಕಾದ ಕೂಲರ್ ಬಗ್ಗೆ ತಂದೆ ಆಡಿದ ಮಾತಿನಿಂದ ಇದೆಲ್ಲ ಶುರುವಾಯಿತೆಂದು ಹೇಳುತ್ತಾರೆ: ಸಿಗುವ ಕೂಲರುಗಳೆಲ್ಲ ನೋಡಲು ಕುರೂಪ, ಸದ್ದೋ ವಿಪರೀತ. ಮಗ ಪ್ಲಾಸ್ಟಿಕ್ ಮೈಯ, ಕೋಣೆಯೊಳಗೆ ಇಡಬಹುದಾದ ಕೂಲರ್ ರೂಪಿಸಿದರು. ಅದಕ್ಕಿಟ್ಟ ಹೆಸರು ಸಿಂಫನಿ, ಹಲವು ವಾದ್ಯಗಳು ಕೂಡಿ ನುಡಿಸುವ ಸಂಗೀತ. ಕೂಲರಿಗೆ ಸಂಗೀತದ ಹೆಸರಿಡುವುದು ತುಸು ಧೈರ್ಯದ ಕೆಲಸವೇ. ಆದರೆ ಅವರು ಮಾರಲು ಹೊರಟದ್ದು ಏನನ್ನು ಎಂಬುದು ಆ ಹೆಸರಿನಲ್ಲೇ ಇದೆ. ತಂಪನ್ನು ತಗಡಿನ ಪೆಟ್ಟಿಗೆಯೂ ಕೊಡುತ್ತಿತ್ತು.

ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಅದು ತಗಡಿನಷ್ಟು ಅದುರುವುದೂ ಇಲ್ಲ. ಕಾಲಾನಂತರ ಮರದ ಸಿಪ್ಪೆಯ ಜಾಗಕ್ಕೆ ಜೇನುಗೂಡಿನಂತೆ ಮಡಿಸಿದ ಸೆಲ್ಯುಲೋಸ್ ಹಾಳೆಗಳು ಬಂದವು. ಅವುಗಳಲ್ಲಿ ಒದ್ದೆ ಮೈ ಹೆಚ್ಚು, ಗಾಳಿಗೆ ಅಡ್ಡಿ ಕಡಿಮೆ. ಅಡ್ಡಿ ಕಡಿಮೆಯಾದರೆ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡಬೇಕು. ಗ್ರಾಫಿಕ್ಸ್ ಕಾರ್ಡಿನ ಗುಟ್ಟೂ ಇದೇ. ಫ್ಯಾನಿನ ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿಯಾಗುತ್ತದೆ. ಸದ್ದಿನ ಶಕ್ತಿ ಹಾಗಲ್ಲ, ಅದು ಸುಮಾರಾಗಿ ವೇಗದ ಐದನೇ ಘಾತದಂತೆ ಏರುತ್ತದೆ, ಅಂದರೆ 30 ಪಟ್ಟು ಮೀರುತ್ತದೆ. ತಿರುಗಿಸಿ ಹೇಳುವುದಾದರೆ, ವೇಗವನ್ನು ಅರ್ಧಕ್ಕಿಳಿಸಿದರೆ 15 ಡೆಸಿಬೆಲ್ ಕಡಿಮೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. 80 ಮಿಲಿಮೀಟರಿನ ಫ್ಯಾನಿನ ಬದಲು ಅದೇ ಬಗೆಯ 120 ಮಿಲಿಮೀಟರಿನದನ್ನು ಹಾಕಿದರೆ, ಅಷ್ಟೇ ಗಾಳಿಗೆ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ ವೇಗ ಸಾಕಾಗುತ್ತದೆ. ರೆಕ್ಕೆ ದೊಡ್ಡದಾದ್ದರಿಂದ ಸ್ವಲ್ಪ ಸದ್ದು ಹೆಚ್ಚಿದರೂ ಒಟ್ಟಿನಲ್ಲಿ ಸುಮಾರು 14 ಡೆಸಿಬೆಲ್ ಉಳಿತಾಯ. 5800 ಅಲ್ಟ್ರಾದ ತಪ್ಪು ಅದೇ: ಸಣ್ಣ ಚಕ್ರ, ಇಕ್ಕಟ್ಟಿನ ಸುರಂಗ, ಅತಿ ವೇಗ. ಬದಲಿ ಕೂಲರ್ ಮಾಡುವವರು ಮಾಂತ್ರಿಕರೇನಲ್ಲ. ಕಾರ್ಡಿನ ಪಕ್ಕದ ಖಾಲಿ ಜಾಗವನ್ನು ತಿಂದುಹಾಕಿ ಅಲ್ಯೂಮಿನಿಯಂ ಹಾಳೆಗಳನ್ನೂ ಫ್ಯಾನನ್ನೂ ದೊಡ್ಡದು ಮಾಡುತ್ತಾರೆ, ಅಷ್ಟೇ. ಎಂಜಿನಿಯರಿಂಗಿನಲ್ಲಿ ಮೌನ ಎಂದರೆ ಬಹುಪಾಲು ಜಾಗ.

ಜಾಗವಿದ್ದರೂ ಶಾಖವನ್ನು ಚಿಪ್ಪಿನಿಂದ ಹಾಳೆಗಳ ತುದಿಯವರೆಗೆ ಒಯ್ಯುವವರು ಬೇಕು. ಆ ಕೆಲಸ ಹೀಟ್ ಪೈಪಿನದು. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಅದನ್ನು ಬೆಳೆಸಿದ್ದು ಬಾಹ್ಯಾಕಾಶದ ಉಪಯೋಗಗಳಿಗಾಗಿ. ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆ, ಒಳಗೋಡೆಗೆ ಬತ್ತಿಯಂಥ ಪದರ, ಚಮಚೆಗಿಂತ ಕಡಿಮೆ ನೀರು. ಚಿಪ್ಪಿನ ಕಡೆಯ ನೀರು ಆವಿಯಾಗಿ ಆಚೆ ತುದಿಗೆ ಹೋಗಿ, ಅಲ್ಲಿ ತಣಿದು ಹನಿಯಾಗಿ, ಬತ್ತಿಯ ಮೂಲಕ ವಾಪಸು ಬರುತ್ತದೆ. ಲಾವಂಚದ ತಡಿಕೆಯಲ್ಲಿ, ಮಡಕೆಯಲ್ಲಿ, ಅಹಮದಾಬಾದಿನ ಕೂಲರಿನಲ್ಲಿ ದುಡಿಯುವ ಅದೇ ನೀರು ಇಲ್ಲಿ ಸೆರೆಯಲ್ಲಿದೆ. ಅದಕ್ಕೆ ಪಂಪಿಲ್ಲ, ಸದ್ದೂ ಇಲ್ಲ.

ಸಿಂಫನಿಯ ದಾರಿ ನೇರವಾಗಿರಲಿಲ್ಲ. 1994ರಲ್ಲಿ ಷೇರು ಮಾರುಕಟ್ಟೆಗೆ ಬಂದ ಕಂಪನಿ, ಬೇಸಿಗೆಯ ನಾಲ್ಕು ತಿಂಗಳ ವ್ಯಾಪಾರವನ್ನೇ ನೆಚ್ಚಿ ಕೂರಲು ಹೆದರಿ ಗೀಸರ್, ವಾಷಿಂಗ್ ಮಷಿನ್, ಏಸಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಲು ಹೋಗಿ ನಷ್ಟಕ್ಕೆ ಬಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ರೋಗಗ್ರಸ್ತ ಉದ್ಯಮಗಳ ಬಿಐಎಫ್‌ಆರ್ ಕಟ್ಟೆ ಹತ್ತಬೇಕಾಯಿತು. ಮಿಕ್ಕದ್ದೆಲ್ಲ ಬಿಟ್ಟು ಕೂಲರಿಗೆ ಮರಳಿದ ಮೇಲೆಯೇ ಅದು ಚೇತರಿಸಿಕೊಂಡದ್ದು. 2009ರಲ್ಲಿ ಅದು ಅಷ್ಟರಲ್ಲಿ ಮೆಕ್ಸಿಕೊಗೆ ನೆಲೆ ಬದಲಿಸಿ ಸೋತಿದ್ದ ಒಂದು ಹಳೆಯ ಕಂಪನಿಯನ್ನು ಕೊಂಡಿತು. ಅದು ಇಂಪ್ಕೊ. ಅರಿಜೋನಾದ ಪೆಟ್ಟಿಗೆಯ ಹಿರಿಯ ಮನೆತನ ಹೀಗೆ ಅಹಮದಾಬಾದಿಗೆ ಸೇರಿತು.

ಗುಜರಾತಿನ ದೊಡ್ಡ ಊರುಗಳಲ್ಲಿ ಈ ಕಥೆ ಒಂದೇ ಥರ ಇಲ್ಲ. ಸೂರತ್ ಸಮುದ್ರಕ್ಕೆ ಹತ್ತಿರ. ಅಲ್ಲಿ 35 ಡಿಗ್ರಿಯ ಮಧ್ಯಾಹ್ನ ತೇವ 55 ಶೇಕಡಾ ಇದ್ದರೆ ಒದ್ದೆ ಉಷ್ಣಮಾಪಕ 27ಕ್ಕಿಂತ ಕೆಳಗಿಳಿಯದು. ಕೂಲರ್ ಹಾಕಿದರೆ ಐದಾರು ಡಿಗ್ರಿ ಇಳಿದು ಮೈ ಅಂಟಂಟಾಗುತ್ತದೆ. ಅಲ್ಲಿ ಗ್ರಾಫಿಕ್ಸ್ ಕಾರ್ಡುಗಳು ಸೀರೆಯ ಪ್ರಿಂಟು, ಆಭರಣದ ವಿನ್ಯಾಸ ಬಿಡಿಸುವ ಕಂಪ್ಯೂಟರುಗಳಲ್ಲೂ ಇವೆ. ಅಂಥ ಕೋಣೆಗೆ ಏಸಿಯೇ ಗತಿ. ಅದೇ ಊರಿನ ಪವರ್‌ಲೂಮ್ ಶೆಡ್ಡಿನಲ್ಲಿ ಶಟಲ್ ಮಗ್ಗಗಳ ನಡುವೆ ಎಂಟು ಹನ್ನೆರಡು ಗಂಟೆ ನಿಲ್ಲುವವನ ಕಿವಿಗೆ ಬದಲಿ ಸೈಲೆನ್ಸರ್ ಯಾರೂ ಮಾರಿಲ್ಲ. ವಡೋದರಾ ಎರಡರ ನಡುವಿನ ಹವೆಯ ಊರು. ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಎರ್ಡಾ ಸಂಸ್ಥೆ 1974ರಿಂದ ಅಲ್ಲಿದೆ.

ಬಿಸಿ ಕೋಣೆಯಲ್ಲಿ ಕಾರ್ಡಿನ ಕೂಲರ್ ಬದಲಿಸಿದರೆ ಎಷ್ಟು ಲಾಭ? ಹೀಟ್ ಪೈಪು ಎಷ್ಟೇ ಜಾಣನಾದರೂ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು. ಚಿಪ್ಪನ್ನು 80 ಡಿಗ್ರಿಯಲ್ಲಿ ಹಿಡಿಯಬೇಕೆಂದುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ ಶಾಖ ಇಳಿಯಲು 55 ಡಿಗ್ರಿಯ ಇಳಿಜಾರು ಇದೆ; 42 ಡಿಗ್ರಿಯ ಕೋಣೆಯಲ್ಲಿ 38 ಮಾತ್ರ. ಅದೇ ಶಾಖ ಹೊರಹೋಗಲು ಗಾಳಿ ಸುಮಾರು ಒಂದೂವರೆ ಪಟ್ಟು ಬೇಕು, ಸದ್ದು ಎಂಟು ಡೆಸಿಬೆಲ್ ಏರುತ್ತದೆ. ತಂಪು ದೇಶದ ಕೋಣೆಯಲ್ಲಿ ಅಳೆದು ಡಬ್ಬಿಯ ಮೇಲೆ ಅಚ್ಚುಹಾಕಿದ ಡೆಸಿಬೆಲ್ ಅಂಕಿ ಮೇ ತಿಂಗಳ ಅಹಮದಾಬಾದಿಗೆ ಹೊಂದುವುದಿಲ್ಲ. ಆ ಊರಿನವರಿಗೆ ಗ್ರಾಫಿಕ್ಸ್ ಕಾರ್ಡಿನ ಸದ್ದು ಅಡಗಿಸುವ ಮೊದಲ ಹೆಜ್ಜೆ ಕಿಟಕಿಯ ಕೂಲರೇ. ಅದಕ್ಕೊಂದು ಕರಾರು: ಕೂಲರ್ ಓಡಲು ಇನ್ನೊಂದು ಕಿಟಕಿ ತೆರೆದಿರಬೇಕು, ಒಳಬರುವ ಗಾಳಿ ಹೊರಹೋಗಬೇಕು. ಅದರ ಜೊತೆ ಬರುವ ಧೂಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಕೂತು ವರ್ಷದೊಳಗೆ ಫ್ಯಾನನ್ನು ಮತ್ತೆ ಓಡಿಸತೊಡಗುತ್ತದೆ. ಹೊಸ ಕೂಲರಿಗೆ ಹಣ ಸುರಿಯುವ ಮೊದಲು ಬ್ರಷ್ಷು ಹಿಡಿಯುವುದು ಮೇಲು.

2010ರ ಮೇ 21ರಂದು ಅಹಮದಾಬಾದಿನಲ್ಲಿ 46.8 ಡಿಗ್ರಿ ದಾಖಲಾಯಿತು. ಆ ತಿಂಗಳು ನಗರದಲ್ಲಿ ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾಗಿದ್ದವೆಂದು ಆಮೇಲೆ ಲೆಕ್ಕ ಸಿಕ್ಕಿತು. 2013ರಲ್ಲಿ ಅಲ್ಲಿನ ಮಹಾನಗರಪಾಲಿಕೆ ದಕ್ಷಿಣ ಏಷ್ಯಾದ ಮೊದಲ ಶಾಖ ಕ್ರಿಯಾ ಯೋಜನೆಯನ್ನು ತಂದಿತು; 2017ರ ಹೊತ್ತಿಗೆ ಕೊಳೆಗೇರಿಗಳ ಮಾಡುಗಳಿಗೆ ಬಿಳಿ ಸುಣ್ಣ ಬಳಿಯುವ ಕೆಲಸ ಶುರುವಾಯಿತು. ತಗಡಿನ ಕೂಲರನ್ನೂ ಕೊಳ್ಳಲಾಗದ ಮನೆಗೆ ಅದೇ ತಂಪು. ಫ್ಯಾನು ಬೇಡ, ನೀರು ಬೇಡ, ಕರೆಂಟಿನ ಬಿಲ್ಲೂ ಇಲ್ಲ. ಈ ಚರಿತ್ರೆಯ ಅತ್ಯಂತ ನಿಶ್ಶಬ್ದ ಕೂಲರ್ ಅದು.

ಜೂನ್ ಕೊನೆಯಲ್ಲಿ ಮಳೆ ಬಂದು ತೇವ 80 ಶೇಕಡಾ ಮುಟ್ಟಿದಾಗ ಅಹಮದಾಬಾದಿನವರು ಕೂಲರಿನ ಪಂಪು ನಿಲ್ಲಿಸಿ, ತೊಟ್ಟಿ ಬರಿದು ಮಾಡಿ, ಫ್ಯಾನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೊರಗಿನ ಗಾಳಿಗೆ ಇನ್ನು ನೀರು ಬೇಡ. ತಾಮ್ರದ ಕೊಳವೆಯೊಳಗಿನ ಆ ಒಂದಿಷ್ಟು ನೀರಿಗೆ ಮಾತ್ರ ಮಳೆಗಾಲದ ಸುದ್ದಿ ಮುಟ್ಟುವುದಿಲ್ಲ. ಕಂಪ್ಯೂಟರ್ ಹೊತ್ತಿಸಿದ ಕೂಡಲೇ ಅದು ಕುದಿದು ಮೇಲೇರಿ, ತಣಿದು ವಾಪಸು ಬರುತ್ತಲೇ ಇರುತ್ತದೆ.