ಕಲ್ಯಾಣದ ಸೀಮೆಯಲ್ಲಿ ಪಿತೃಋಣ

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಇಂದು ಮಹಾರಾಷ್ಟ್ರದ ಧಾರಾಶಿವ ಹಾಗೂ ಲಾತೂರು ಜಿಲ್ಲೆಗಳಿಗೆ ಸೇರಿದ್ದರೂ, ಸತ್ತವನ ಸಾಲವನ್ನು ಯಾರು, ಎಷ್ಟರ ಮಟ್ಟಿಗೆ ತೀರಿಸಬೇಕು ಎಂಬ ಪ್ರಶ್ನೆಗೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳು ಶತಮಾನಗಳ ಕಾಲ ಒಪ್ಪಿಕೊಂಡು ಬಂದ ಉತ್ತರ ರೂಪುಗೊಂಡದ್ದು ಈ ಊರುಗಳ ನೆರೆಯಲ್ಲಿಯೇ. ಉಮರ್ಗಾದಿಂದಾಗಲಿ ನಿಲಂಗಾದಿಂದಾಗಲಿ ನೇರ ಅಂತರದಲ್ಲಿ ನಲವತ್ತು ಕಿಲೋಮೀಟರು ಮೀರದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅದರ ‘ಋಣಾದಾನ’ ಪ್ರಕರಣ, ಅಂದರೆ ಕೊಟ್ಟ ಸಾಲವನ್ನು ಮರಳಿ ಪಡೆಯುವ ವಿಧಿಯನ್ನು ವಿವರಿಸುವ ಭಾಗ, ಆ ಉತ್ತರದ ಮುಖ್ಯ ಆಧಾರವಾಗಿದೆ.

ಈ ಪ್ರಕರಣದ ಮೂಲ ವಿಧಿ ಕಠಿಣವಾಗಿದೆ: ತಂದೆ ಸತ್ತಿದ್ದರೆ, ದೂರದೇಶಕ್ಕೆ ಹೋಗಿದ್ದರೆ ಅಥವಾ ತೀರದ ಸಂಕಟಕ್ಕೆ ಸಿಲುಕಿದ್ದರೆ ಅವನ ಸಾಲವನ್ನು ಮಕ್ಕಳು ಮೊಮ್ಮಕ್ಕಳು ಸಲ್ಲಿಸಬೇಕು. ಆದರೆ ಅದಕ್ಕೆ ಹಾಕಿರುವ ಮಿತಿಗಳನ್ನು ಬಿಟ್ಟು ಈ ವಿಧಿಯನ್ನು ಓದಿದರೆ ಗ್ರಂಥಕಾರನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮಗನು ತಂದೆಯ ಸಾಲವನ್ನು ಬಡ್ಡಿಸಹಿತ ತನ್ನದೇ ಸಾಲದಂತೆ ತೀರಿಸಬೇಕು, ಮೊಮ್ಮಗನು ಅಸಲನ್ನು ಮಾತ್ರ ಕೊಟ್ಟರೆ ಸಾಕು, ಮರಿಮಗನು ಆಸ್ತಿ ಪಡೆಯದಿದ್ದರೆ ಏನನ್ನೂ ಕೊಡಬೇಕಿಲ್ಲ. ಕುಡಿತಕ್ಕೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲ, ಕಟ್ಟದೆ ಉಳಿದ ದಂಡ ಮತ್ತು ಸುಂಕ, ಪ್ರಯೋಜನವಿಲ್ಲದೆ ಕೊಡುವೆನೆಂದ ದಾನ, ಇವು ಯಾವುವೂ ಮಗನ ತಲೆಗೆ ಬರುವುದಿಲ್ಲ. ಜಾಮೀನಿನಲ್ಲಿಯೂ ಭೇದವುಂಟು: ಸಾಲಗಾರನನ್ನು ತಂದು ಎದುರು ನಿಲ್ಲಿಸುವೆನೆಂದೋ ಅವನು ನಂಬಿಗಸ್ಥನೆಂದೋ ತಂದೆ ಕೊಟ್ಟ ಭರವಸೆ ಅವನೊಡನೆ ಮುಗಿಯುತ್ತದೆ, ಅವನು ಕೊಡದಿದ್ದರೆ ತಾನೇ ಹಣ ಕೊಡುವೆನೆಂದು ಹೊತ್ತ ಜಾಮೀನು ಮಾತ್ರ ಮಕ್ಕಳಿಗೆ ಇಳಿಯುತ್ತದೆ. ಕುಟುಂಬದ ಪೋಷಣೆಗೆಂದು ಮಾಡಿದ ಅಥವಾ ಅವಳೇ ಒಪ್ಪಿಕೊಂಡ ಸಾಲವನ್ನು ಹೊರತುಪಡಿಸಿದರೆ ಗಂಡನ ಸಾಲಕ್ಕೆ ಹೆಂಡತಿಯನ್ನು ಹಿಡಿಯುವಂತಿಲ್ಲ. ಮಗನಿಲ್ಲದಿದ್ದಲ್ಲಿ ಆಸ್ತಿಯನ್ನು ಯಾರು ಪಡೆಯುತ್ತಾರೋ ಅವರೇ ಸಾಲವನ್ನೂ ಹೊರಬೇಕೆಂಬ ನಿಯಮವನ್ನು, ಭಾಗವಾಗಿ ಹೋದ ಗಂಡ ಗಂಡುಸಂತಾನವಿಲ್ಲದೆ ಸತ್ತರೆ ಅವನ ಸಮಸ್ತ ಆಸ್ತಿ ವಿಧವೆಗೆ ಸಲ್ಲಬೇಕೆಂದು ಇದೇ ವಿಜ್ಞಾನೇಶ್ವರನು ದಾಯವಿಭಾಗದಲ್ಲಿ ಮಾಡಿದ ದೃಢವಾದ ವಾದದೊಡನೆ ಸೇರಿಸಿ ನೋಡಿದಾಗ, ಹಕ್ಕು ಮತ್ತು ಹೊರೆ ಒಂದೇ ಕೈಯಲ್ಲಿರಬೇಕೆಂಬ ವಿವೇಕ ಎದ್ದು ಕಾಣುತ್ತದೆ.

ನಿಜಾಮರ ಆಳ್ವಿಕೆಯಲ್ಲಿ, ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯಲ್ಲಿಯೂ ಉಮರ್ಗಾ ಉಸ್ಮಾನಾಬಾದ (ಇಂದಿನ ಧಾರಾಶಿವ) ಜಿಲ್ಲೆಯಲ್ಲಿಯೂ ಇದ್ದಾಗ, ಒಂದೇ ಪೇಟೆಯ ಎರಡು ಮನೆಗಳಲ್ಲಿ ಎರಡು ಬಗೆಯ ಲೆಕ್ಕ ನಡೆಯುತ್ತಿತ್ತು. ಮುಸ್ಲಿಮರ ಧರ್ಮಶಾಸ್ತ್ರದಂತೆ ಸತ್ತವನ ಆಸ್ತಿಯಿಂದ ಮೊದಲು ಕಫನ್–ದಫನ್‌ನ ಖರ್ಚು, ಅನಂತರ ಕರ್ಜು ಅಂದರೆ ಸಾಲ, ಆಮೇಲೆ ಉಳಿದುದರ ಮೂರನೆಯ ಒಂದು ಭಾಗ ಮೀರದಂತೆ ವಸಿಯತ್ತು ಅಂದರೆ ಮರಣಶಾಸನದ ಕೊಡುಗೆ, ಕೊನೆಯಲ್ಲಿ ವಾರಸುದಾರರ ಪಾಲು. ಆಸ್ತಿ ಸಾಲದಷ್ಟಿಲ್ಲದಿದ್ದರೆ ವಾರಸುದಾರ ತನ್ನ ಗಳಿಕೆಯಿಂದ ತುಂಬಿಕೊಡಬೇಕಾಗಿರಲಿಲ್ಲ. ವಿಧವೆಗೆ ಬರಬೇಕಾದ ಬಾಕಿ ಮೆಹರನ್ನೂ, ಅಂದರೆ ಮದುವೆಯಲ್ಲಿ ಗಂಡ ಕೊಡಲು ಒಪ್ಪಿದ ಹಣವನ್ನೂ, ಸಾಲಗಳ ಸಾಲಿನಲ್ಲಿಯೇ ಎಣಿಸುತ್ತಿದ್ದುದರಿಂದ, ಅವಳು ವಾರಸುದಾರಳೂ ಹೌದು, ಸಾಲ ಕೊಟ್ಟವಳೂ ಹೌದು ಎಂಬ ಬಲವಾದ ಸ್ಥಾನ ಅವಳಿಗೆ ದೊರೆಯುತ್ತಿತ್ತು. ಜಾಗೀರು, ಇನಾಮುಗಳ ವಿಷಯ ಬೇರೆ: ಒಡೆಯ ಸತ್ತರೆ ಅವು ತಾವಾಗಿ ಮಕ್ಕಳಿಗೆ ಇಳಿಯದೆ, ‘ವಿರಾಸತ್’ ಎಂಬ ಸರ್ಕಾರಿ ವಿಚಾರಣೆಯ ನಂತರವೇ ಮುಂದುವರಿಯುತ್ತಿದ್ದವು.

ಪಶ್ಚಿಮಕ್ಕೆ ಸೋಲಾಪುರ ಬ್ರಿಟಿಷರ ಬಾಂಬೆ ಪ್ರಾಂತದಲ್ಲಿತ್ತು. ಆ ಪ್ರಾಂತದ ಉಚ್ಚ ನ್ಯಾಯಾಲಯವು ಆಸ್ತಿ ಬಂದಿರಲಿ ಬಾರದಿರಲಿ ಮಗನು ತಂದೆಯ ಸಾಲಕ್ಕೆ ಹೊಣೆಯೆಂದು ಹಳೆಯ ವಿಧಿಯನ್ನು ಎತ್ತಿಹಿಡಿದುದರ ಬೆನ್ನಲ್ಲೇ, 1866ರ ಬಾಂಬೆ ಹಿಂದೂ ವಾರಸುದಾರರ ಪರಿಹಾರ ಕಾಯ್ದೆ ಬಂದು, ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆಯೆಂದು ನಿರ್ಧರಿಸಿತು. ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ ರೈತರು 1875ರಲ್ಲಿ ಸಾವ್ಕಾರರ ವಿರುದ್ಧ ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟ ಮೇಲೆ, ಸೋಲಾಪುರವೂ ಸೇರಿದಂತೆ ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿದ 1879ರ ದಖ್ಖನ ಕೃಷಿಕರ ಪರಿಹಾರ ಕಾಯ್ದೆಯು, ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ ವ್ಯವಹಾರವನ್ನು ಮೊದಲಿನಿಂದ ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ಅಜ್ಜನ ಕಾಲದ ಸಾಲಕ್ಕೆ ಬಡ್ಡಿ ಸೇರಿಸಿ ಮಗನ ಹೆಸರಿಗೆ ಹೊಸ ಪತ್ರ ಬರೆಸಿಕೊಳ್ಳುವ ರೂಢಿಯಿದ್ದ ನಾಡಿನಲ್ಲಿ ಇದು ದೊಡ್ಡ ರಕ್ಷಣೆ. ಈ ಎರಡು ಕಾಯ್ದೆಗಳೂ ನಿಜಾಮರ ಗಡಿಯನ್ನು ದಾಟಲಿಲ್ಲ. ಹೀಗೆ ಒಂದೇ ಭಾಷೆಯ, ಒಂದೇ ನಂಟಸ್ತಿಕೆಯ ಕುಟುಂಬಗಳಲ್ಲಿ ಸೋಲಾಪುರದ ಮಗನಿಗಿದ್ದ ರಕ್ಷಣೆ ಉಮರ್ಗಾದ ಮಗನಿಗೆ ಇರಲಿಲ್ಲ. ಮೊಮ್ಮಗನಿಗೆ ಬಡ್ಡಿಯನ್ನೇ ಬಿಟ್ಟುಕೊಟ್ಟಿದ್ದ ಗ್ರಂಥ ಹುಟ್ಟಿದ ಸೀಮೆಯಲ್ಲಿ ಈ ಸ್ಥಿತಿ ಬಂದುದು ವಿಷಾದಕರ.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ಕಲ್ಯಾಣ ಮೈಸೂರು ರಾಜ್ಯಕ್ಕೂ ಹೋದವು. ಮರಣಶಾಸನವನ್ನು ನ್ಯಾಯಾಲಯ ಪರಿಶೀಲಿಸಿ ದೃಢೀಕರಿಸುವ ‘ಪ್ರೊಬೇಟ್’ ಕ್ರಮವನ್ನು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕಡ್ಡಾಯಗೊಳಿಸಿದ್ದು ಮುಖ್ಯವಾಗಿ ಕಲ್ಕತ್ತಾ, ಮದ್ರಾಸು, ಮುಂಬಯಿ ನಗರಗಳ ಮಟ್ಟಿಗಾದ್ದರಿಂದ, ಈ ತಾಲ್ಲೂಕುಗಳ ಜನರ ವ್ಯವಹಾರ ಬೇರೆ ಕಾಗದಗಳ ಮೂಲಕ ಸಾಗಿತು. ಸತ್ತವನಿಗೆ ಬರಬೇಕಾದ ಹಣವನ್ನು ವಸೂಲು ಮಾಡಲು ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಬೇಕು. ಹೊಲಕ್ಕೆ ತಲಾಠಿಯ ಬಳಿ ವಾರಸಾ ಫೇರ್‌ಫಾರ್, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಆಗಬೇಕು. ಬ್ಯಾಂಕಿನ ಅಥವಾ ಸೊಸೈಟಿಯ ಸಾಲ ‘ಸಾತ್‌ಬಾರಾ’ ಎಂಬ ಪಹಣಿಯಲ್ಲಿ ‘ಬೋಜಾ’ ಎಂದು ದಾಖಲಾಗಿರುವುದರಿಂದ, ಹೆಸರು ಬದಲಾದರೂ ಹೊಲದೊಡನೆ ಅದೂ ವಾರಸುದಾರರಿಗೆ ಬರುತ್ತದೆ.

ಕಲ್ಯಾಣದ ವಿಧಿಗೆ ನೇರವಾದ ಕೊನೆ ಬಂದದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು. ಧಾರ್ಮಿಕ ಕರ್ತವ್ಯವೆಂಬ ಒಂದೇ ಕಾರಣದಿಂದ ತಂದೆ, ಅಜ್ಜ, ಮುತ್ತಜ್ಜರ ಸಾಲಕ್ಕಾಗಿ ಮಗ, ಮೊಮ್ಮಗ, ಮರಿಮಗನ ಮೇಲೆ ದಾವೆ ಹೂಡುವ ಹಕ್ಕನ್ನು ಯಾವ ನ್ಯಾಯಾಲಯವೂ ಮಾನ್ಯ ಮಾಡಬಾರದೆಂದು ಅದು ವಿಧಿಸಿತು. ಆ ದಿನಕ್ಕಿಂತ ಮೊದಲೇ ಮಾಡಿದ ಸಾಲಗಳನ್ನು ಮಾತ್ರ ಹಳೆಯ ನಿಯಮಕ್ಕೇ ಬಿಟ್ಟಿತು. ಮಗಳಿಗೆ ಮಗನಂತೆಯೇ ಪಿತ್ರಾರ್ಜಿತ ಆಸ್ತಿಯಲ್ಲಿ ಜನ್ಮತಃ ಪಾಲು ಕೊಟ್ಟ ಅದೇ ಕಲಮು, ಆ ಆಸ್ತಿಯ ಹೊಣೆಗಳಿಗೂ ಅವಳನ್ನು ಮಗನಷ್ಟೇ ಬಾಧ್ಯಳನ್ನಾಗಿ ಮಾಡಿತು.