ಬೇಕಲದ ಬುರುಜಿನಲ್ಲಿ ಸೂರ್ಯಪರೀಕ್ಷೆ

ಕಾಪುವಿನ ಕಡಲಬಂಡೆಯ ಮೇಲೆ ದೀಪಸ್ತಂಭ ಎದ್ದದ್ದು 1901ರಲ್ಲಿ. ವಿಲಾಯಿತಿಯ ವಿಜ್ಞಾನ ನಮ್ಮ ಕರಾವಳಿಗೆ ಬಂದ ಗುರುತಾಗಿ ನಾವು ಅದನ್ನೇ ತೋರಿಸುವುದುಂಟು. ಆದರೆ ಅದಕ್ಕೂ ಮೂವತ್ತು ವರ್ಷ ಹಿಂದೆ, ಉಡುಪಿ, ಕಾರ್ಕಳ, ಕಾಸರಗೋಡುಗಳೆಲ್ಲ ಮದರಾಸು ಪ್ರಾಂತದ ಒಂದೇ ಜಿಲ್ಲೆಯಾಗಿದ್ದಾಗ, ಲಂಡನ್ನಿನ ವಿದ್ವಾಂಸರು ಕಂಡರೆ ಸುತ್ತುಗಟ್ಟಿ ನಿಲ್ಲುವಂಥ ಉಪಕರಣಗಳು ಬೇಕಲ ಕೋಟೆಯ ಬುರುಜನ್ನೇರಿದ್ದವು. ಕೆಳದಿಯ ಶಿವಪ್ಪ ನಾಯಕನ ಹೆಸರಿನೊಡನೆ ಕೂಡಿಬಂದ ಆ ಕೋಟೆ, ಫಿರಂಗಿಯ ಬದಲು ದೂರದರ್ಶಕವನ್ನು ಹೊತ್ತ ದಿನ 1871ರ ಡಿಸೆಂಬರ್ 12.

ಅಂದು ಬೆಳಗ್ಗೆ ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಬೇಕಲದ ಬಳಿ ನೆಲವನ್ನು ಮುಟ್ಟಿ, ನೀಲಗಿರಿಯ ಮೇಲೆ ಹಾದು ಸಿಂಹಳಕ್ಕೆ ಹೋಗುವುದಿತ್ತು. ನಮ್ಮ ಉಡುಪಿ, ಕಾರ್ಕಳಗಳು ಆ ನಡುಗೆರೆಯಿಂದ ಬಡಗಣಕ್ಕೆ ದೂರ ಉಳಿದವು. ಬ್ರಿಟಿಷ್ ಅಸೋಸಿಯೇಷನ್ ಕಳುಹಿಸಿದ ತಂಡದ ಮುಖಂಡ ನಾರ್ಮನ್ ಲಾಕಿಯರ್. ಎರಡು ವರ್ಷ ಹಿಂದೆ 'ನೇಚರ್' ಪತ್ರಿಕೆಯನ್ನು ಹೊರಡಿಸಿದವನೂ ಇವನೇ.

ಈ ಸಡಗರಕ್ಕೆ ಹಿನ್ನೆಲೆಯಿದೆ. 1868ರ ಆಗಸ್ಟ್ 18ರ ಗ್ರಹಣವನ್ನು ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಗುಂಟೂರಿನಲ್ಲಿ ನೋಡಿದ. ರಾಯಲ್ ಸೊಸೈಟಿಯ ಉಪಕರಣಗಳೊಡನೆ ಲೆಫ್ಟಿನೆಂಟ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ಮೋಡಗಳ ಸಂದಿನಿಂದ ನೋಡಿದ. ಸೂರ್ಯನ ಅಂಚಿನ ಜ್ವಾಲೆಗಳು ಉರಿಯುವ ಅನಿಲವೆಂದು ಅಂದು ಗೊತ್ತಾಯಿತು. ಆ ಬೆಳಕಿನಲ್ಲಿ ಕಂಡ ಹಳದಿ ಗೆರೆಯೊಂದು ಭೂಮಿಯ ಯಾವ ವಸ್ತುವಿಗೂ ಹೊಂದದಿದ್ದಾಗ, ಅದು ಹೊಸ ಧಾತುವಿನದೆಂದು ಊಹಿಸಿದವನು ಲಾಕಿಯರ್. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ!

ಬೇಕಲದಲ್ಲಿ ಅವನಿಗೆ ದೊರೆತ ಸಮಯ ಎರಡು ನಿಮಿಷಗಳ ಆಸುಪಾಸು. ಸಾಮಾನ್ಯವಾಗಿ ರೋಹಿತದರ್ಶಕದಲ್ಲಿ ಬೆಳಕು ಕಿರಿದಾದ ಸೀಳಿನಿಂದ ಒಳಹೊಕ್ಕು, ಪಟ್ಟಕದಲ್ಲಿ ಒಡೆದು ಗೆರೆಗಳಾಗಿ ಕಾಣುತ್ತದೆ. ಲಾಕಿಯರ್ ಸೀಳನ್ನೇ ತೆಗೆದುಹಾಕಿದ. ಗ್ರಹಣದಲ್ಲಿ ಉಳಿಯುವುದು ಸೂರ್ಯನ ಸುತ್ತಲಿನ ಬೆಳಕಿನ ಬಳೆ ಮಾತ್ರ. ಆ ಬಳೆಯೇ ಸೀಳಿನ ಕೆಲಸ ಮಾಡಲಿ ಎಂಬ ಉಪಾಯ. ಫಲವಾಗಿ ಗೆರೆಗಳ ಬದಲು ಕೆಂಪು, ಹಸಿರು, ನೀಲ ಬಳೆಗಳೇ ಅವನ ಕಣ್ಣಿಗೆ ಬಿದ್ದವು. ಸರಳವಾದ ಯುಕ್ತಿ, ಸರಳವಾದುದರಿಂದಲೇ ನನಗೆ ಮೆಚ್ಚಿಗೆ. ಆ ಹಸಿರು ಬೆಳಕು ಅತಿಯಾದ ತಾಪದಲ್ಲಿ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು ತಿಳಿಯಲು ಮತ್ತೆ ಎಪ್ಪತ್ತು ವರ್ಷ ಹಿಡಿಯಿತು.

ಊರವರು? ವೃತ್ತಾಂತದಲ್ಲಿ ಅವರು ಬರುವುದು ಹೊಗೆಯ ರೂಪದಲ್ಲಿ. ರಾಹುವನ್ನು ಓಡಿಸಲು ಅವರು ಹೊತ್ತಿಸಿದ ಬೆಂಕಿಯ ಹೊಗೆ ಸೂರ್ಯನಿಗೆ ಅಡ್ಡಬರುವಂತಾಯಿತು; ಪೊಲೀಸರು ಹೋಗಿ ಆರಿಸಿದರು. ಗ್ರಹಣವೆಂದರೆ ಸ್ನಾನ, ಜಪ, ಉಪವಾಸ, ಅನ್ನದ ಮೇಲೆ ದರ್ಭೆ ಎಂದು ಬಲ್ಲ ನಾಡು ಇದು. ತಮ್ಮ ಸೂರ್ಯನಿಗೆ ತಾವು ಮಾಡಬೇಕಾದ ಸೇವೆಯನ್ನು ಸರಕಾರ ಏಕೆ ತಡೆಯಿತೆಂದು ಅವರಿಗೆ ಯಾರಾದರೂ ಹೇಳಿದರೇ?

ಲಂಡನ್ನಿನಲ್ಲಾದರೆ ಹೇಳುವವರಿದ್ದರು. ರಾಯಲ್ ಸೊಸೈಟಿಯ ಸಂಜೆಕೂಟಗಳಲ್ಲಿ ಹೊಸ ಉಪಕರಣಗಳನ್ನು ಮೇಜಿನ ಮೇಲಿಟ್ಟು ವಿವರಿಸುವ ವಾಡಿಕೆಯಿತ್ತು. ಗಾಜಿನ ಬುರುಡೆಯೊಳಗೆ ಬರಿಯ ಬೆಳಕಿಗೆ ತಿರುಗುವ ಪುಟ್ಟ ರಾಟೆಯನ್ನು ಕ್ರೂಕ್ಸ್ 1875ರಲ್ಲಿ ತೋರಿಸಿದ್ದು ಅಲ್ಲಿಯೇ. ಮರುವರ್ಷ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ವೈಜ್ಞಾನಿಕ ಉಪಕರಣಗಳ ಭಾರಿ ಪ್ರದರ್ಶನ ನಡೆಯಿತು. ಅದಕ್ಕಾಗಿ ದುಡಿದವರಲ್ಲಿ ನಮ್ಮ ಬೇಕಲದ ಲಾಕಿಯರನೂ ಒಬ್ಬ. ಸ್ಟೀಫನ್‌ಸನ್ನನ ರಾಕೆಟ್ ಎಂಜಿನ್ನಿನೊಡನೆ ರೋಹಿತದರ್ಶಕಗಳೂ ಅಲ್ಲಿದ್ದವು. ಇಂದಿನ ಸೈನ್ಸ್ ಮ್ಯೂಜಿಯಂ ಬೆಳೆದದ್ದು ಆ ಬಗೆಯ ಸಂಗ್ರಹಗಳಿಂದ.

ನಮ್ಮವರಿಗೆ ನಮ್ಮ ಮಾತಿನಲ್ಲಿ ಹೇಳಲು ಹೊರಟವರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು. 1868ರ ಗ್ರಹಣವನ್ನು ವನಪರ್ತಿಯಲ್ಲಿ ಸ್ವತಃ ನೋಡಿದ್ದವರು, ಬೆಳಕು ಬದಲಾಗುವ ಹೊಸ ಚರನಕ್ಷತ್ರವೊಂದನ್ನು ಕಂಡುಹಿಡಿದವರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾಯುವುದನ್ನು ವಿವರಿಸಿ ಅವರು ಬರೆದ ಕಿರುಹೊತ್ತಗೆ ಕೆಲವು ಭಾಷೆಗಳಲ್ಲಿ ಅಚ್ಚಾಯಿತು, ಕನ್ನಡವೂ ಅವುಗಳಲ್ಲೊಂದು. ಪಂಚಾಂಗದ ಗಣಿತವನ್ನು ಕಣ್ಣಿಗೆ ಕಂಡುದರೊಡನೆ ತಾಳೆನೋಡಿ ತಿದ್ದಬೇಕೆಂಬುದು ಅವರ ಹಟ.

ಬೇಕಲ ಇಂದು ಕೇರಳದಲ್ಲಿದೆ. ಮಣಿಪಾಲದ ವಿದ್ಯಾರ್ಥಿಗಳು ರಜೆಗೆ ಹೋಗಿ ಕೋಟೆಯ ಮೇಲೆ ಸೂರ್ಯಾಸ್ತವನ್ನು ನೋಡಿ ಬರುತ್ತಾರೆ. ಅಂದು ಬೆಂಕಿ ಹೊತ್ತಿಸಿದವರ ಕೈಗೆ ರಘುನಾಥಾಚಾರ್ಯರ ಅಂಥದೊಂದು ಪುಸ್ತಕ ಮೂರು ವರ್ಷ ಮೊದಲೇ ಬಂದಿದ್ದರೆ, ಬೆಂಕಿಯನ್ನು ಬಿಡುತ್ತಿದ್ದರೋ ಇಲ್ಲವೋ, ಬುರುಜಿನ ಮೇಲೆ ದೊರೆಗಳು ಏನು ನೋಡುತ್ತಿದ್ದಾರೆಂದು ಕೇಳಲಾದರೂ ಹತ್ತಿ ಬರುತ್ತಿದ್ದರು.