ಚಿನ್ನದ ಗಣಿಯ ಮೈದಾನಗಳೂ ಡಿವಿಷನ್ನಿನ ಏಣಿಯೂ

ಫುಟ್‌ಬಾಲಿನಲ್ಲಿ ಡಿವಿಷನ್ ಎಂದರೆ ಹೆಚ್ಚುಕಡಿಮೆ ಸಮಬಲದವೆಂದು ಎಣಿಸಲಾದ ತಂಡಗಳ ಒಂದು ದರ್ಜೆ. ಅದರ ಅಂಕಪಟ್ಟಿಯಲ್ಲಿ ಮುಂದಿರುವ ತಂಡ ಮರುವರ್ಷ ಮೇಲಿನ ದರ್ಜೆಗೆ ಬಡ್ತಿ ಪಡೆಯುತ್ತದೆ, ಕೊನೆಗುಳಿದದ್ದು ಕೆಳಗಿಳಿಯುತ್ತದೆ. ಹಾಕಿ ಮತ್ತು ಫುಟ್‌ಬಾಲಿಗೆ ಹೆಸರಾಗಿದ್ದ ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ಯಾವ ತಂಡವೂ ರಾಷ್ಟ್ರೀಯ ಲೀಗಿನ ಅಗ್ರ ದರ್ಜೆಯನ್ನು ಮುಟ್ಟಲಿಲ್ಲ. ಇದರ ಕಾರಣವನ್ನು ಆಟಗಾರರ ಕಾಲ್ಚಳಕದಲ್ಲಿ ಹುಡುಕುವುದಕ್ಕಿಂತ, ಆಟಕ್ಕೆ ಅನ್ನ ಹಾಕುತ್ತಿದ್ದವರು ಯಾರು ಎಂಬ ಪ್ರಶ್ನೆಯಲ್ಲಿ ಹುಡುಕುವುದು ಹೆಚ್ಚು ಸರಿ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಇಲ್ಲಿ ಬೆಳೆದದ್ದು ಒಬ್ಬನೇ ಯಜಮಾನನ ಊರು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲುದಾರಿ ಬಂದಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಮನೆ, ಆಸ್ಪತ್ರೆ, ಕ್ಲಬ್ಬು ಎಲ್ಲವೂ ಗಣಿಯ ಲೆಕ್ಕದಲ್ಲೇ ನಡೆದವು. ಬ್ರಿಟಿಷ್ ಅಧಿಕಾರಿಗಳು ತಮ್ಮ ಕ್ಲಬ್ಬಿನಲ್ಲಿ ಗಾಲ್ಫ್, ಟೆನಿಸ್ ಆಡಿಕೊಂಡಿದ್ದರೆ, ಲೈನುಗಳೆಂದು ಕರೆಯಲಾಗುತ್ತಿದ್ದ ಸಾಲುಮನೆಗಳಲ್ಲಿ ಬದುಕಿದ, ಬಹುಪಾಲು ತಮಿಳು ಮತ್ತು ತೆಲುಗು ಮಾತಾಡುವ ಕಾರ್ಮಿಕ ಕುಟುಂಬಗಳ ಮಕ್ಕಳಿಗೆ ಒಂದು ಚೆಂಡಿದ್ದರೆ ಸಾಕಾಗುವ ಆಟವೇ ಎಟುಕುವ ಆಟವಾಗಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಬಂಡೆಯೇ ಬಿಸಿಯಾಗಿರುವ ಆ ಆಳದಲ್ಲಿ ಪಾಳಿ ಮುಗಿಸಿ ಮೇಲೆ ಬಂದವರಿಗೆ ಬಯಲಿನ ಗಾಳಿಯೇ ಒಂದು ಸುಖವಾಗಿದ್ದಿರಬೇಕು. ಆ ಗಾಳಿಯೂ ಶುದ್ಧವಾಗಿರಲಿಲ್ಲವೆನ್ನಿ: ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ನುಣುಪು ಅದಿರುಪುಡಿಯ ರಾಶಿಗಳು, ಅಂದರೆ ಊರವರು ಹೇಳುವ ಸೈನೈಡ್ ದಿಬ್ಬಗಳು, ಬಿರುಗಾಳಿ ಬೀಸಿದಾಗಲೆಲ್ಲ ಮನೆ ಮೈದಾನಗಳ ಮೇಲೆ ಬೂದುಬಣ್ಣದ ಧೂಳನ್ನು ಸುರಿಯುತ್ತಿದ್ದವು.

ಇಂಥ ಊರಿನಲ್ಲಿ ಆಟಗಾರನ ಏಳಿಗೆಯ ದಾರಿ ಬಂಗಾರಪೇಟೆ ಜಂಕ್ಷನ್ನಿನ ಮೂಲಕ ಬೆಂಗಳೂರಿಗೆ ಹೋಗುತ್ತಿತ್ತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿ 1965ರ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ ಹುಟ್ಟಿದ್ದು ಗಣಿ ಪ್ರದೇಶದಲ್ಲಿ, ನೌಕರಿ ಹಿಡಿದದ್ದು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ. ಓಟಗಾರನಿಗೆ ಆಗಲಿ ಫುಟ್‌ಬಾಲ್ ಆಟಗಾರನಿಗೆ ಆಗಲಿ, ಕ್ರೀಡಾ ಕೋಟಾದ ನೌಕರಿಯೆಂದರೆ ಸಂಬಳ, ಅಭ್ಯಾಸಕ್ಕೆ ಬಿಡುವು, ಮುಪ್ಪಿಗೆ ಪಿಂಚಣಿ ಮೂರೂ ಒಟ್ಟಿಗೆ ಸಿಗುವ ಏರ್ಪಾಡಾಗಿತ್ತು. ಹೀಗೆ ನೌಕರರನ್ನೇ ಕೂಡಿಸಿ ಕಟ್ಟಿದ ಸಂಸ್ಥಾ ತಂಡಗಳೇ ಬೆಂಗಳೂರು ಲೀಗಿನ ಮೇಲಿನ ದರ್ಜೆಗಳಲ್ಲಿ ಬಹುಕಾಲ ಮೆರೆದವು.

ಕರ್ನಾಟಕದ ಮಟ್ಟಿಗೆ ಬಡ್ತಿಯ ನಂತರದ ಋತುವಿನ ಕಷ್ಟವನ್ನು ತಿಳಿಯಲು ಇವುಗಳಲ್ಲೊಂದಾದ ಎಚ್‌ಎಎಲ್‌ನ ಉದಾಹರಣೆಯೇ ಸಾಕು. 2010ರಲ್ಲಿ ಒಎನ್‌ಜಿಸಿಯೊಂದಿಗೆ ಎರಡನೆಯ ಡಿವಿಷನ್ನಿನಿಂದ ಆಗ ದೇಶದ ಅಗ್ರ ದರ್ಜೆಯಾಗಿದ್ದ ಐ-ಲೀಗಿಗೆ ಏರಿದ ಈ ವಿಮಾನ ಕಾರ್ಖಾನೆಯ ತಂಡ, 14 ತಂಡಗಳು ತಲಾ 26 ಪಂದ್ಯ ಆಡುವ ಲೀಗಿನಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಡೆಂಪೊಗಳಂಥ ಹಣವಂತ ಕ್ಲಬ್ಬುಗಳನ್ನು ಎದುರಿಸಬೇಕಾಯಿತು. ಗೆದ್ದರೆ ಮೂರು, ಸಮವಾದರೆ ಒಂದು ಅಂಕ ಸಿಗುವ ಪದ್ಧತಿಯಲ್ಲಿ ದುರ್ಬಲ ತಂಡ ಸಮಮಾಡಿಕೊಂಡೇ ಬಹಳ ದಿನ ಬಾಳಲಾರದು. ಮೊದಲ ಋತುವಿನಲ್ಲಿ ಜೆಸಿಟಿಯೂ ಜೊತೆಗೆ ಏರಿದ್ದ ಒಎನ್‌ಜಿಸಿಯೂ ಕೆಳಗಿಳಿದವು, ಎಚ್‌ಎಎಲ್ ಉಳಿಯಿತು. 2011-12ರಲ್ಲಿ ಅದೂ ಇಳಿಯಿತು. ಉಳಿದುಕೊಂಡ ಆ ಒಂದು ವರ್ಷವನ್ನು ಚರಿತ್ರೆ ಸಾಕಷ್ಟು ಗೌರವಿಸಿಲ್ಲ. ಅಷ್ಟರಲ್ಲಿ ನಿಯಮಗಳೂ ಕಾರ್ಖಾನೆ ತಂಡಗಳಿಗೆ ವಿರುದ್ಧವಾಗಿ ತಿರುಗಿದ್ದವು: ಕ್ಲಬ್ಬಿನ ಆಡಳಿತ, ಹಣಕಾಸುಗಳ ಬಗ್ಗೆ ಷರತ್ತು ಹಾಕುವ ಪರವಾನಗಿ ಪದ್ಧತಿಯನ್ನು ಪೂರೈಸದ ಏರ್ ಇಂಡಿಯಾವನ್ನೂ ಈ ನಡುವೆ ಮತ್ತೆ ಮೇಲೇರಿದ್ದ ಒಎನ್‌ಜಿಸಿಯನ್ನೂ 2013ರಲ್ಲಿ ಲೀಗಿನಿಂದ ಹೊರಗಿಡಲಾಯಿತು. ಅದೇ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಕೆಳಗಿನ ಯಾವ ಮೆಟ್ಟಿಲನ್ನೂ ಹತ್ತದೆ ನೇರ ಪ್ರವೇಶ ದೊರೆತು, ಮೊದಲ ಋತುವಿನಲ್ಲೇ ಅದು ಪ್ರಶಸ್ತಿ ಗೆದ್ದಿತು. ಬಂಡವಾಳವಿದ್ದವರಿಗೆ ಏಣಿ ಬೇಕಿರಲಿಲ್ಲ.

ಗಣಿ ಪ್ರದೇಶದ ಯಜಮಾನ ಇದಕ್ಕೂ ಮೊದಲೇ ಕಣ್ಮರೆಯಾಗಿದ್ದ. 1956ರಲ್ಲಿ ಮೈಸೂರು ಸರ್ಕಾರದ ಕೈಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರೋದ್ಯಮವಾದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಘಟಕ ಊರಿನಲ್ಲಿ ಉಳಿಯಿತಾದರೂ, ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಕತ್ತಲಾದ ಮೇಲೆ ಮನೆ ಸೇರುವವರಿಗೆ ಸಂಜೆಯ ಮೈದಾನ ಸಿಗುವುದಿಲ್ಲ.

ಆಟಕ್ಕೆ ಆಸರೆಯಾಗಿ ಇನ್ನುಳಿದವು ಕಾಲೇಜುಗಳು. ಕೋಲಾರ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದಿಂದ 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಕೋಲಾರದ ಟಮಕದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಬಂದವು. ಚೆಂಡು ಮುಟ್ಟದೆಯೇ ಆದ ಸ್ಥಾನಾಂತರವಿದು. ವಿಶ್ವವಿದ್ಯಾಲಯಗಳ ಫುಟ್‌ಬಾಲಿನಲ್ಲಿ ಡಿವಿಷನ್ನುಗಳಿಲ್ಲ: ಅಂತರಕಾಲೇಜು ಪಂದ್ಯಗಳಿಂದ ಆಯ್ದ ಆಟಗಾರರ ತಂಡ ದಕ್ಷಿಣ ವಲಯದ ಟೂರ್ನಿಯಲ್ಲಿ ಆಡಿ, ಅಲ್ಲಿ ಮುಂದೆ ಬಂದರೆ ಅಖಿಲ ಭಾರತ ಅಂತರವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ, ಪದವಿ ಮುಗಿಸಿದವರು ತಂಡ ಬಿಡುತ್ತಾರೆ, ಮರುವರ್ಷ ಆಯ್ಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.